ಅಲೆ ಸೋಸುವ ಚಿಕ್ಕಮ್ಮ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ನನ್ನ ಚಿಕ್ಕಮ್ಮ ‘ಅಲೆ ಸೋಸೋದು’ ಅನ್ನುತ್ತಾಳೆ. ಕೇಳಿದವರು ಕಣ್ಣು ಕಣ್ಣು ಬಿಡುತ್ತಾರೆ. ಹಾಸಿಗೆ ಹಿಡಿದವರಿಗಾಗಿ ವೈರ್ ಇಲ್ಲದ ಕರೆಗಂಟೆ ಮಾಡುವ ಪುಟ್ಟ ಕಂಪನಿಯಲ್ಲಿ ಅವಳು ಫಿಲ್ಟರ್ ಪರೀಕ್ಷಿಸುವವಳು. ಅಕ್ಕಿಕಾಳಿಗಿಂತ ಚಿಕ್ಕ ಹರಳು ಅದು. ರೇಡಿಯೋ ಅಲೆ ಅದರೊಳಗೆ ಶಬ್ದದಂತೆ ನಡುಗುತ್ತದೆ. ಬೇಕಾದ ನಡುಕ ಮಾತ್ರ ಆಚೆ ದಾಟುತ್ತದೆ. ಇದನ್ನು ಹೇಳುವಾಗ ಅವಳು ಎಲ್ಲೋ ತೇಲಿಹೋಗುತ್ತಾಳೆ, ಒಲೆಯ ಮೇಲೆ ಹಾಲು ಉಕ್ಕಿದರೂ ಗೊತ್ತಾಗುವುದಿಲ್ಲ.

ಅಲೆ ಹರಳಿನ ಮೈಮೇಲೆ ಓಡುವ ಫಿಲ್ಟರ್ ಅಗ್ಗ. ಅಲೆ ಆಳಕ್ಕಿಳಿದು ಮೇಲೇಳುವ ಫಿಲ್ಟರಿಗೆ ಅದರ ಮೂರು ಪಟ್ಟು ಬೆಲೆ. ಪರೀಕ್ಷೆಯ ತಣ್ಣನೆಯ ಕೋಣೆಯಲ್ಲಿ ಎರಡೂ ಒಂದೇ ಸಮ ನಿಂತವು. ‘ಅಗ್ಗದ್ದೇ ಸಾಕು’ ಎಂದು ಚಿಕ್ಕಮ್ಮನೇ ಹೇಳಿದಳು. ಯಜಮಾನರ ಮುಖ ಅರಳಿತು.

ಆ ಗಂಟೆಯೊಂದನ್ನು ಅವಳು ಮನೆಗೆ ತಂದಳು. ಲಕ್ವ ಹೊಡೆದ ಮೇಲೆ ಚಿಕ್ಕಪ್ಪನಿಗೆ ಕೂಗಲು ದನಿಯಿಲ್ಲ. ರಜೆಯ ಮಧ್ಯಾಹ್ನ, ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಹೊದಿಕೆಯೊಳಗೆ ಗಂಟೆಯ ಗುಂಡಿ ಅವನ ಮುಷ್ಟಿಯಲ್ಲಿತ್ತು. ಅಡುಗೆಮನೆಯಲ್ಲಿಟ್ಟ ಗಂಟೆ ಮೊಳಗಲಿಲ್ಲ. ಮಲಗಿದ್ದಾರೆ ಎಂದುಕೊಂಡು ಚಿಕ್ಕಮ್ಮ ಅಡುಗೆಮನೆಯಲ್ಲಿ ಹಾಯಾಗಿ ಕನಸು ಕಾಣುತ್ತ ಕೂತಳು. ಸಂಜೆ ಒಳಗೆ ಹೋದರೆ ಚಿಕ್ಕಪ್ಪನ ತುಟಿ ಒಣಗಿತ್ತು, ಹಾಸಿಗೆ ಒದ್ದೆಯಾಗಿತ್ತು.

“ಯಾಕ್ರೀ ಒತ್ತಲಿಲ್ಲ?”

“ಒತ್ತಿದೆ,” ಪಿಸುಗುಟ್ಟಿದ. “ನಿಂಗೇನೋ ಕೆಲಸ ಇದೆ ಅನ್ಕೊಂಡೆ.”

ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಕಂಪನಿಯಲ್ಲಿ ಗುಂಡಿಯನ್ನು ಬಿಸಿಲು ಬಿದ್ದ ಹೊದಿಕೆಯೊಳಗಿನಷ್ಟು ಬಿಸಿ ಮಾಡಿ ನೋಡಿದಳು. ಬಿಸಿಗೆ ಅಗ್ಗದ ಫಿಲ್ಟರಿನ ಕಿಂಡಿ ಪಕ್ಕಕ್ಕೆ ಸರಿದು ಫೋನುಗಳ ಗದ್ದಲ ಒಳಬರುತ್ತಿತ್ತು. ದಾರಿ ಖಾಲಿಯಿದ್ದರೆ ಮಾತ್ರ ಕೂಗುವ ಗುಂಡಿ ಅದು. ಬೇರೆ ಯಾರೋ ಮಾತಾಡುತ್ತಿದ್ದಾರೆಂದು ಸುಮ್ಮನೆ ಕಾಯುತ್ತಿತ್ತು. ಎಂಥ ಸಭ್ಯ ಪ್ರಾಣಿ, ನಮ್ಮ ಚಿಕ್ಕಪ್ಪನ ಹಾಗೇ!

“ದುಬಾರಿ ಫಿಲ್ಟರ್ ಹಾಕಿ ಬೆಲೆ ಏರಿಸಿದ್ರೆ ಯಾರಮ್ಮ ತಗೋತಾರೆ?” ಯಜಮಾನರು ಗೊಣಗಿದರು.

“ಬೆಚ್ಚಗಿನ ಕೈಗೆ ಕೊಡೋ ಸಾಮಾನು ಸರ್. ಸಾಕು ಅಂದಿದ್ದು ನನ್ನ ತಪ್ಪು.”

ಕೊನೆಗೆ ಮೂರನೆಯ ಬಗೆಯ ಫಿಲ್ಟರ್ ಒಂದು ಸಿಕ್ಕಿತು. ಅಲೆ ಮೈಮೇಲೇ ಓಡುತ್ತದೆ, ಆದರೆ ಗಾಜಿನಂಥ ತೆಳು ಲೇಪ ಬಿಸಿಯಲ್ಲೂ ಅದನ್ನು ದಾರಿ ತಪ್ಪಲು ಬಿಡದು. ಬೆಲೆ ಎರಡರ ನಡುವೆ. ಯಜಮಾನರು ಒಪ್ಪಿದರು.

ಹೊಸ ಗುಂಡಿ ಬಿಸಿಲಿಗೂ ಹೊದಿಕೆಗೂ ಜಗ್ಗಲಿಲ್ಲ. ಆದರೆ ಚಿಕ್ಕಪ್ಪ ಒತ್ತುವುದನ್ನೇ ಬಿಟ್ಟಿದ್ದ. ಬಾಯಾರಿದರೂ ಅಷ್ಟೇ, ಸುಮ್ಮನೆ ಬಾಗಿಲು ನೋಡುತ್ತ ಮಲಗಿರುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೇ ಬಂತು.

ಚಿಕ್ಕಮ್ಮ ಅಡುಗೆಮನೆಯಲ್ಲಿ ಗಂಟೆಯೆದುರು ನಿಂತು ಅವನ ಕೋಣೆಗೆ ಕೇಳುವಂತೆ ಕೂಗಿದಳು: “ಒತ್ರೀ! ನಂಗೋಸ್ಕರ ಒಂದೇ ಒಂದ್ಸಲ ಒತ್ರೀ!”

ಎಷ್ಟೋ ಹೊತ್ತಿನ ಮೇಲೆ ಗಂಟೆ ಮೊಳಗಿತು. ಅವಳು ಓಡಿದ ರಭಸಕ್ಕೆ ನಾನು ಗೋಡೆಗಂಟಿ ದಾರಿ ಬಿಟ್ಟೆ.