ಲಾಲಪ್ಪ ಮೊದಲೇ ತೋಡಿದ ಕುಣಿ

ಮಸ್ಕಿಯ ಆ ಓಣಿಯಲ್ಲಿ ಯಾರೇ ಸತ್ತರೂ ಕುಣಿ ತೋಡುವವನು ಲಾಲಪ್ಪ. ಅವನದೊಂದು ಹಟ: ಹೆಣ ಕಣ್ಣಿಗೆ ಕಾಣದೆ ನೆಲಕ್ಕೆ ಹಾರೆ ಹಾಕುವವನಲ್ಲ. "ತೆರದ ಕುಣಿ ಹಸಿದ ಹೊಟ್ಟಿ ಇದ್ದಂಗ. ಖಾಲಿ ಬಿಟ್ರ ಆ ಮನ್ಯಾಗಿನ ಇನ್ನೊಬ್ರನ್ನ ಕೇಳ್ತೈತಿ" ಎನ್ನುತ್ತಿದ್ದ. ಅವಸರ ಮಾಡಿದ ದೊಡ್ಡ ದೊಡ್ಡ ಗೌಡರನ್ನೂ ಬೈದು ಕಳಿಸಿದ ಆಸಾಮಿ. ಅಂಥವನು ತನ್ನ ಅಳಿಯನ ವಿಷಯದಲ್ಲಿ ತಪ್ಪಿದ ನೋಡಿ.

ದುರುಗೇಶ ಅವನ ಅಕ್ಕನ ಮಗ. ಮಗಳು ಅಂಜಲಿಯನ್ನು ಕೊಟ್ಟು ಮನೆಯಲ್ಲೇ ಇಟ್ಟುಕೊಂಡಿದ್ದ. ಸೌದಿಯ ದಮ್ಮಾಮಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ ಹುಡುಗ ಮಲಗಿದಲ್ಲೇ ಎದೆಬಡಿತ ನಿಂತು ಸತ್ತ. ಸುದ್ದಿ ಬಂದು ಎರಡು ವಾರವಾದರೂ ಹೆಣ ಬರಲಿಲ್ಲ. ತುಂಬು ಬಸುರಿ ಅಂಜಲಿಯದು ಒಂದೇ ಮಾತು: "ಒಮ್ಮೆ ಮುಖ ನೋಡಬೇಕಪ್ಪ."

ಕೊನೆಗೊಂದು ಬೆಳಗ್ಗೆ ದುರುಗೇಶನ ಜೊತೆಗಾರ ಅಲ್ಲಿಂದ ಫೋನ್ ಮಾಡಿ, ಪೆಟ್ಟಿಗೆ ವಿಮಾನ ನಿಲ್ದಾಣಕ್ಕೆ ಹೋಯಿತು ಎಂದ. ಪಕ್ಕದ ಮನೆಯ ಶಿವಪ್ರಸಾದ, ಲಿಂಗಸುಗೂರಿನಲ್ಲಿ ಗುಮಾಸ್ತ, ಮೊಬೈಲ್ ಒತ್ತಿ ನೋಡಿದ.

"ಕಾಕಾ, ದಮ್ಮಾಮಿಂದ ಹೈದರಾಬಾದಿಗೆ ಮೂರು ಸಾವಿರ ಕಿಲೋಮೀಟರ್. ವಿಮಾನಕ್ಕ ಬರೀ ನಾಕೂವರಿ ತಾಸು. ಅಲ್ಲಿಂದ ಗಾಡಿ ಆರು ತಾಸು. ಹೊತ್ತು ಮುಳುಗೂದ್ರಾಗ ಬಂದ್ಬಿಡ್ತಾನ."

"ಇಷ್ಟಽ ಏನ್ಲೇ? ಸಿಂಧನೂರಿಂದ ಬೆಂಗಳೂರಿಗೆ ಬಸ್ಸು ಇಡೀ ರಾತ್ರಿ ತಗೊಂತೈತಲ್ಲೋ!"

ಅಷ್ಟು ದೂರದಿಂದ ಬರುವ ಹುಡುಗನನ್ನು ಕತ್ತಲಲ್ಲಿ ಕಾಯಿಸಬಾರದೆಂದು ಲಾಲಪ್ಪ ಹಾರೆ ಹೆಗಲಿಗಿಟ್ಟ. ಎರೆಮಣ್ಣು ಗಟ್ಟಿಯಾಗಿತ್ತು. ಅಳುತ್ತಲೇ ಅಗೆದ, ಬೇರೆ ಯಾರಿಗೂ ಹಾರೆ ಮುಟ್ಟಗೊಡಲಿಲ್ಲ.

ಹೊತ್ತಿಳಿಯುವಾಗ ಶಿವಪ್ರಸಾದ ಬಂದು ತಲೆ ತಗ್ಗಿಸಿ ನಿಂತ. ದಮ್ಮಾಮಿನಲ್ಲಿ ಯಾವನದೋ ಸಹಿ ಬಾಕಿಯಂತೆ. ಪೆಟ್ಟಿಗೆ ವಿಮಾನ ಹತ್ತಲೇ ಇಲ್ಲವಂತೆ. ಮತ್ತೆ ಯಾವಾಗ ಎಂದರೆ ಯಾರೂ ಬಾಯಿ ಬಿಡುತ್ತಿಲ್ಲ. ಅಯ್ಯೋ, ಆ ನಾಲ್ಕೂವರೆ ತಾಸು ಜೀವ ಇದ್ದವರ ಲೆಕ್ಕ, ಹೆಣಕ್ಕೆ ಅದು ಅನ್ವಯಿಸುವುದಿಲ್ಲವೆಂದು ಮೊಬೈಲಿನಲ್ಲಿ ಬರೆದಿರಲಿಲ್ಲ.

ಲಾಲಪ್ಪ ಕುಣಿ ಮುಚ್ಚಲು ಸಲಿಕೆ ಎತ್ತಿದ. ಅಷ್ಟರಲ್ಲಿ ಅಂಜಲಿ ಓಡಿ ಬಂದಳು. ಎರಡು ಜೀವದಾಕೆ ಸುಡುಗಾಡು ತುಳಿಯಬಾರದು. ಯಾರು ತಡೆದರೂ ಕೇಳಿರಲಿಲ್ಲ.

"ಮುಚ್ಚಬ್ಯಾಡಪ್ಪ! ಮುಚ್ಚಿದ್ರ ಅವ್ರು ಬರೂದೇ ಇಲ್ಲ ಅಂದಂಗ."

"ಹುಚ್ಚಿ, ಖಾಲಿ ಕುಣಿ ಬಿಡಬಾರದವ್ವ. ಹೊಟ್ಟ್ಯಾಗ ಕೂಸೈತಿ ನಿಂಗ."

"ಕುಣಿ ನನ್ನಽ ಕೇಳಿದ್ರ ಹೋಗ್ತೀನಿ. ಮುಚ್ಚಬ್ಯಾಡ."

ಎಂಥ ಜಾಗದಲ್ಲಿ ನಿಂತು ಎಂಥ ಮಾತು! ಮಗಳಿಗೆ ಇಲ್ಲ ಎನ್ನಲೂ ಲಾಲಪ್ಪನಿಂದ ಆಗಲಿಲ್ಲ, ಕುಣಿಯನ್ನು ಹಾಗೇ ಬಿಡಲೂ ಆಗಲಿಲ್ಲ. ಸಲಿಕೆ ಎಸೆದು, ಕುಣಿಗಿಳಿದು, ಅಂಗಾತ ಮಲಗಿಬಿಟ್ಟ.

"ಹಂಗಾದ್ರ ಖಾಲಿ ಬ್ಯಾಡ. ಅವ ಬರೂತನ ನಾ ಇರ್ತೀನಿ. ಕೇಳಿದ್ರ ನನ್ನ ಕೇಳಲಿ."

ಅಂಜಲಿ ಬಗ್ಗಿ ನೋಡಿದಳು. ಅಪ್ಪ ಕಣ್ಣು ಮುಚ್ಚಿದ್ದ. ಬಿಳಿ ಗಡ್ಡದ ಮೇಲೆ ಅಂಚಿನ ಮಣ್ಣು ಉದುರುತ್ತಿತ್ತು. ಸುದ್ದಿ ಬಂದಾಗಿನಿಂದ ಕಲ್ಲಾಗಿದ್ದ ಹುಡುಗಿ ಬಾಯಿಬಿಟ್ಟು ಅತ್ತಳು.

"ಮ್ಯಾಲೆ ಬಾ ಅಪ್ಪಾ... ನಿನ್ನ ಕಾಲಿಗೆ ಬೀಳ್ತೀನಿ, ಮ್ಯಾಲೆ ಬಾ."

ಅವನು ಶಿವಪ್ರಸಾದನ ಕೈ ಹಿಡಿದು ಹತ್ತಿ ಬಂದ. ಸಲಿಕೆಗಾಗಿ ತಡಕಾಡುವಷ್ಟರಲ್ಲಿ, ಅಂಜಲಿ ಹೊಟ್ಟೆ ಹಿಡಿದುಕೊಂಡು ಮಂಡಿಯೂರಿ, ಯಾರೂ ಇಲ್ಲದ ಕುಣಿಗೆ ಮೊದಲ ಹಿಡಿ ಮಣ್ಣು ತಾನೇ ಹಾಕಿದಳು.