ಮಂಕರಿ ಕೆಳಗಿನ ಅವರೆ ಗಿಡ

ಮಂಡ್ಯದ ಹೈಸ್ಕೂಲಿನ ಕೊನೆಯ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಮದ್ದೂರು, ಮಳವಳ್ಳಿಯ ಹುಡುಗರ ಬಾಯಿ ಮುಚ್ಚಿಸಿ ಬಂದಿದ್ದೆ. ಆ ಗರ್ವ ಇನ್ನೂ ಇಳಿದಿರಲಿಲ್ಲ. ಬೆಳಕಿಲ್ಲದೆ ಎಲೆ ಪಿಷ್ಟ ತಯಾರಿಸದು ಎಂಬ ಪ್ರಯೋಗವನ್ನು ತರಗತಿಯವರೆಲ್ಲ ಪುಸ್ತಕ ನೋಡಿ ರೆಕಾರ್ಡಿಗೆ ಇಳಿಸಿದರು. ನಾನು ಆ ಹಾಳೆಯನ್ನು ಖಾಲಿ ಬಿಟ್ಟೆ.

"ಏನಯ್ಯಾ ಇದು?" ಎಂದರು ವಿಜ್ಞಾನದ ಮೇಷ್ಟ್ರು.

"ನಾನು ನೋಡಿಲ್ಲ ಸಾರ್. ನೋಡದ್ದನ್ನು ನೋಡಿದೆ ಅಂತ ಬರೆದರೆ ಅದು ಸುಳ್ಳು ಸಾಕ್ಷಿ."

"ಹಾಗಾದರೆ ಮಾಡಿ ನೋಡಿಕೊಂಡು ಬಾ. ಹಾಳೆ ತುಂಬೋವರೆಗೆ ರುಜು ಇಲ್ಲ. ರುಜು ಇಲ್ಲದೆ ಪರೀಕ್ಷೆಗೆ ಕೂರೋ ಹಾಗಿಲ್ಲ. ಹತ್ತು ದಿನ ಇದೆ, ನೋಡು."

ಸೀಮೆಎಣ್ಣೆಯ ಹಳೇ ಡಬ್ಬ ಎರಡನ್ನು ಹುಡುಕಿ, ಒಂದೊಂದರಲ್ಲಿ ಒಂದೊಂದು ಅವರೆ ಸಸಿ ನೆಟ್ಟೆ. ಒಂದು ಬಿಸಿಲಿಗೆ. ಇನ್ನೊಂದರ ಮೇಲೆ ಕೋಳಿ ಮುಚ್ಚುವ ಬಿದಿರಿನ ಮಂಕರಿ ಬೋರಲು ಹಾಕಿ, ಸಂದಿಯಲ್ಲಿ ಬೆಳಕು ನುಸುಳದಂತೆ ಗೋಣಿ ಹೊದಿಸಿದೆ. ಮೂರನೆಯ ದಿನ ಸಂಜೆ ಎರಡೂ ಗಿಡಗಳಿಂದ ಒಂದೊಂದು ಎಲೆ ಕಿತ್ತುಕೊಂಡು ಶಾಲೆಗೆ ಓಡಿದೆ. ಮೇಷ್ಟ್ರು ಎಲೆಗಳನ್ನು ನೀರಿನಲ್ಲಿ ಬೇಯಿಸಿ, ಬಿಸಿ ಸ್ಪಿರಿಟ್ಟಿನಲ್ಲಿ ಹಸಿರು ಬಿಡಿಸಿ, ಅಯೋಡಿನ್ ತೊಟ್ಟಿಕ್ಕಿಸಿದರು. ಪಿಷ್ಟವಿದ್ದರೆ ಎಲೆ ಕಡುನೀಲಿಯಾಗಬೇಕು. ಬಿಸಿಲಿನ ಎಲೆ ಆಯಿತು. ಮುಚ್ಚಿಟ್ಟ ಗಿಡದ ಎಲೆಯೂ ಆಯಿತು!

"ಸಾರ್, ಪುಸ್ತಕ ತಪ್ಪು!" ಎಂದವನೇ ವೇದಿಕೆಯ ಮೇಲಿದ್ದವನಂತೆ ಭಾಷಣ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮುಚ್ಚಿದ್ದು ಯಾವುದರಿಂದ?"

"ಕೋಳಿ ಮಂಕರಿಯಿಂದ ಸಾರ್."

"ಬೆಳಗ್ಗೆ ಎದ್ದು ಕೋಳಿ ಮಂಕರಿ ಎತ್ತೋರು ಯಾರು ನಿಮ್ಮನೇಲಿ?"

ಮದ್ದೂರಿನವರಿಂದಾಗದ ಕೆಲಸ ಆ ಒಂದು ಪ್ರಶ್ನೆಯಿಂದ ಆಯಿತು. ವಾದವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಅಜ್ಜಿ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು.

"ಅಜ್ಜೀ, ಗಿಡದ ಮೇಲಿನ ಮಂಕರಿ ಎತ್ತಿದ್ಯಾ?"

"ಎತ್ತದೆ ಏನ್ಲಾ? ಒತ್ತು ಉಟ್ಟಿದ್ಮೇಲೆ ಮಂಕರಿ ಎತ್ತದೆ ಬುಡ್ತಾರಾ? ಮೊದಲ್ನೇ ದಿನ ಕೋಳಿ ಅಂತ ಎತ್ದೆ. ನೋಡುದ್ರೆ ಗಿಡ! ಪಾಪ, ಅದ್ಕೂ ಉಸ್ರು ಕಟ್ಟಾಕಿಲ್ವಾ? ದಿನಾ ಎತ್ತಿ ಬಿಸ್ಲಿಗೆ ಬುಟ್ಟೆ."

"ನಾನು ಬಂದಾಗ ಮುಚ್ಚೇ ಇತ್ತಲ್ಲ!"

"ನೀನು ಬರೋ ಒತ್ಗೆ ಮುಚ್ಚಿಡ್ತಿದ್ದೆ. ಇಲ್ದಿದ್ರೆ ವಾದಕ್ಕೆ ನಿಂತ್ಕತೀಯ. ನಿನ್ ವಾದ ಕೇಳ್ಕಂಡ್ ಕುಂತ್ರೆ ಮುದ್ದೆ ತಿರುವೋರು ಯಾರ್ಲಾ?"

ಊರೆಲ್ಲ ವಾದ ಮಾಡಿಕೊಂಡು ತಿರುಗಿದ್ದವನು, ಆ ಡಬ್ಬ ಅಲ್ಲಿ ಏಕಿದೆ ಎಂದು ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ. ಈಗ ಕೂತು ಹೇಳಿದೆ: ಇದು ಕೆಟ್ಟರೆ ರುಜು ಇಲ್ಲ, ಪರೀಕ್ಷೆ ಇಲ್ಲ, ಒಂದು ವರ್ಷ ಮನೆಯಲ್ಲೇ. ಯುದ್ಧದ ಕಾಲವಾದ್ದರಿಂದ ಮೇಷ್ಟ್ರ ಬಳಿ ಉಳಿದಿರುವುದು ಇನ್ನೊಂದು ಸಲಕ್ಕೆ ಸಾಕಾಗುವಷ್ಟೇ ಸ್ಪಿರಿಟ್ಟು.

"ಒಂದು ವರ್ಸ ನೀನು ಮನೇಲಾ?" ಅಜ್ಜಿ ಗಾಬರಿಯಾದಳು. "ಮೊದ್ಲೇ ಬೊಗಳ್ಬಾರ್ದಿತ್ತಾ!"

ಮರುದಿನದಿಂದ ಮಂಕರಿಗೆ ಅಜ್ಜಿಯದೇ ಕಾವಲು. ಕೋಳಿಗಳಿಗೆ ಆ ಮೂಲೆ ನಿಷಿದ್ಧ. ಅಪ್ಪ ಗೋಣಿ ಬೇಕೆಂದು ಕೈ ಹಾಕಿದ್ದಕ್ಕೆ, "ಮುಟ್ಟೀಯಾ, ಜೋಕೆ! ಮಗೀನ ಪರೀಕ್ಸೆ ಐತೆ ಅದ್ರೊಳ್ಗೆ!" ಎಂದು ಪೊರಕೆ ಎತ್ತಿದಳಂತೆ. ಅಪ್ಪ ಆ ದಿನ ಗೋಣಿಯಿಲ್ಲದೆ ಗದ್ದೆಗೆ ಹೋದರು.

ಮೂರನೆಯ ಸಂಜೆ ಮತ್ತೆ ಎರಡು ಎಲೆ. ಸ್ಪಿರಿಟ್ ಬಾಟಲಿ ಬರಿದಾಯಿತು. ಬಿಸಿಲಿನ ಎಲೆ ಕಡುನೀಲಿ. ಮುಚ್ಚಿಟ್ಟ ಗಿಡದ ಎಲೆಯ ಮೇಲೆ ಅಯೋಡಿನ್ನಿನ ಕಂದು ಬಣ್ಣ ಬಿಟ್ಟರೆ ಬೇರೇನೂ ಇಲ್ಲ.

"ಈಗ ಬರೀತೀಯಾ?"

"ಬರೀತೀನಿ ಸಾರ್. ಆದರೆ ಮೊದಲ ಸಲದ್ದನ್ನೂ ಬರೀತೀನಿ. ಅದನ್ನೂ ನೋಡಿದ್ದೇನಲ್ಲ."

ಹಾಗೇ ಬರೆದೆ: 'ಮೊದಲ ಸಲ ಅಜ್ಜಿ ಮಂಕರಿ ಎತ್ತಿದರು, ಎಲೆ ನೀಲಿಯಾಯಿತು. ಎರಡನೆಯ ಸಲ ಎತ್ತಲಿಲ್ಲ, ಆಗಲಿಲ್ಲ.' ಮೇಷ್ಟ್ರು ಎರಡು ಸಲ ಓದಿ, ಮೀಸೆಯಲ್ಲೇ ನಕ್ಕು, ರುಜು ಹಾಕಿದರು.

ರೆಕಾರ್ಡು ಹಿಡಿದು ಮನೆಗೆ ಓಡಿ ಬಂದೆ. ಅಜ್ಜಿ ರುಜುವಿನ ಕಡೆ ಕಣ್ಣೂ ಹಾಯಿಸಲಿಲ್ಲ.

"ಆಯ್ತಾ? ಇನ್ನು ಎತ್ಲಾ?"

"ಎತ್ತಜ್ಜಿ."

ನನ್ನ ಮಾತು ಮುಗಿಯುವಷ್ಟರಲ್ಲಿ ಗೋಣಿ ಒಂದು ಕಡೆ, ಮಂಕರಿ ಒಂದು ಕಡೆ. ಬಿಳಿಚಿಕೊಂಡ ಸಸಿಗೆ ಒಂದು ಚೊಂಬು ನೀರು ಹೊಯ್ದು, ಅದರ ಪರವಾಗಿ ನನ್ನನ್ನು ಬಯ್ಯತೊಡಗಿದಳು.