ಮಳೆಯಲ್ಲಿ ಓಡಿ ಮೂರನೆಯವನಾದೆ

ಗೆಳೆಯರೇ, ಇವತ್ತು ಮಂಡ್ಯದಲ್ಲಿ ಮಹಾರಾಜರ ವರ್ಧಂತಿಯ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದವನು ನಾನೇ. ಸುಳ್ಳಲ್ಲ, ಪೇಟೆಯ ಜನವೆಲ್ಲ ಕೊಡೆ ಹಿಡಿದುಕೊಂಡು ನೋಡಿದ್ದಾರೆ. ಜೋರು ಮಳೆ, ಮೊಣಕಾಲವರೆಗೆ ಕೆಸರು, ಬೆನ್ನ ಹಿಂದೆಯೇ ಮಳವಳ್ಳಿಯ ಸಿದ್ದ. ಗುರಿಯಲ್ಲಿ ಕಟ್ಟಿದ್ದ ದಾರ ಆಗಲೇ ಕಣ್ಣಿಗೆ ಬಿದ್ದಿತ್ತು.

ಅಷ್ಟರಲ್ಲಿ ನಡುರಸ್ತೆಯಲ್ಲಿ ಹೂತುಕೊಂಡಿದ್ದ ಒಂದು ಕಬ್ಬಿನ ಗಾಡಿ ಸಿಕ್ಕಿತು. ಪಕ್ಕದಲ್ಲಿ ನುಸುಳಿ ಹೋಗಬಹುದಿತ್ತು. ಮೇಲೆ ಕೂತಿದ್ದ ಗಾಡಿಯ ಯಜಮಾನ ಬಿಡಬೇಕಲ್ಲ!

"ಲೇ, ಓಟ ಆಮೇಲೆ ಓಡೀವಂತೆ. ಮೊದ್ಲು ಚಕ್ರಕ್ಕೆ ಕೈ ಆಕ್ಲಾ!"

"ಪಂದ್ಯ ಕಣಣ್ಣಾ, ಬುಟ್ಬುಡು!" ಎಂದೆ.

ಹಿಂದಿನಿಂದ ಬಂದ ಸಿದ್ದ ನೇರವಾಗಿ ಹೋಗಿ ಚಕ್ರ ಹಿಡಿದ. "ನೂಕ್ದೆ ಓದ್ರೆ ನಾಳೆ ಊರಲ್ಲಿ ಮಕ ತೋರ್ಸಕ್ಕಾಯ್ತದಾ? ಬಾ ಕಣ್ಲಾ!"

ನಾನೂ ಹೆಗಲು ಕೊಟ್ಟೆ. ಓಡುತ್ತ ಬಂದವರೆಲ್ಲ ಒಬ್ಬೊಬ್ಬರಾಗಿ ಕೈ ಹಾಕಿದರು. ಗಾಡಿ ಮೇಲೆದ್ದಿತು. ಜನ ಹೋ ಎಂದು ಕೂಗಿದರು. ಆ ಕೂಗಿಗೆ ಬೆದರಿದ ಎತ್ತುಗಳು ಇಳಿಜಾರಿನಲ್ಲಿ ಓಟ ಕಿತ್ತು, ದಾರ ಹರಿದುಕೊಂಡು ಹೋಗಿಯೇ ನಿಂತವು. ನಾನು ನಗು ತಡೆಯಲಾರದೆ ಗಾಡಿಯ ಹಿಂದೆಯೇ ತಲುಪಿದೆ.

ತೀರ್ಪುಗಾರರಾಗಿದ್ದ ಹೆಡ್ ಮಾಸ್ತರು ಕನ್ನಡಕ ಒರೆಸಿಕೊಂಡು, "ದಾರ ಹರಿದವರಿಗೇ ಹಾರ" ಎಂದು ಎತ್ತಿನ ಕೊರಳಿಗೆ ಹಾಕಿದರು.

"ಅಂಗಾರೆ ನಾನು ಎರಡ್ನೇವ್ನಾ ಸಾ?"

"ಎತ್ತು ಎರಡಿವೆಯಲ್ಲಯ್ಯ, ನೀನು ಮೂರನೆಯವನು."

ಗಾಡಿಯ ಯಜಮಾನನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅದೊಂದೇ ಸಮಾಧಾನ. ಅವನು ಕೂತುಕೊಂಡು ಬಂದವನಂತೆ.